ಮಾಂಸ ರೋಸ್ಟ್ ಮಾಡಿದ ಮೇಲೆ ಉಳಿಯುವ ಜಿಡ್ಡು, ರಸವನ್ನು ಏನು ಮಾಡುತ್ತೀರಿ?

ಒಲೆಮುಂದೆ:
ನಿನ್ನೆ ಓವನ್‌ನಲ್ಲಿ ಇಡೀ ಕೋಳಿ ರೋಸ್ಟ್ ಮಾಡಿದೆ. ಟ್ರೇಯಲ್ಲಿ ಹೆಚ್ಚುಕಮ್ಮಿ ಒಂದು ಲೋಟ ಜಿಡ್ಡು, ರಸ ಎಲ್ಲ ಸೇರಿ ನಿಂತಿತ್ತು. ಚೆಲ್ಲಲು ಮನಸ್ಸು ಬರಲಿಲ್ಲ, ಹಾಗೇ ಡಬ್ಬಿಗೆ ಸುರಿದು ಫ್ರಿಜ್‌ನಲ್ಲಿಟ್ಟೆ. ಬೆಳಿಗ್ಗೆ ನೋಡಿದರೆ ಮೇಲೆ ಹಳದಿ ಪದರ, ಕೆಳಗೆ ಕಂದು ಜೆಲ್ಲಿ ಥರ ಏನೋ ಅಲುಗಾಡುತ್ತಿದೆ. ಕೆಟ್ಟಿದೆಯಾ? ಬಳಸಬಹುದಾ?

ಸೌಟು:
ಕೆಟ್ಟಿಲ್ಲ, ಆ ಜೆಲ್ಲಿಯೇ ಅಸಲಿ ಮಾಲು! ಚರ್ಮ, ಕೀಲುಗಳಲ್ಲಿರುವ ಕೊಲಾಜನ್ ಎಂಬ ಪ್ರೋಟೀನ್ ಬಿಸಿಗೆ ಜೆಲಾಟಿನ್ ಆಗಿ ರಸಕ್ಕೆ ಇಳಿಯುತ್ತದೆ, ತಣ್ಣಗಾದರೆ ಹೀಗೆ ಗಟ್ಟಿ, ಬಿಸಿ ಮಾಡಿದರೆ ಮತ್ತೆ ನೀರು. ಮೇಲಿರುವುದು ಕೊಬ್ಬು. ಕೋಳಿಯದು ಮೆತ್ತಗಿರುತ್ತದೆ, ಚಮಚದಲ್ಲಿ ಕೆರೆದು ತೆಗೆಯಿರಿ. ಕುರಿಯದಾದರೆ ಬಿಲ್ಲೆ ಥರ ಎದ್ದು ಬರುತ್ತದೆ. ರಸವನ್ನು 3-4 ದಿನದೊಳಗೆ ಮುಗಿಸಿ, ಇಲ್ಲಾಂದ್ರೆ ಐಸ್ ಟ್ರೇಗೆ ಹಾಕಿ ಫ್ರೀಜ್ ಮಾಡಿ, ಸೂಪ್‌ಗೋ ಗ್ರೇವಿಗೋ ಒಂದೊಂದೇ ತುಂಡು ಹಾಕಿಕೊಳ್ಳಬಹುದು. ಕೋಳಿಗೆ ಹಚ್ಚಿದ ಉಪ್ಪು ಅದಕ್ಕೂ ಇಳಿದಿರುತ್ತದೆ, ರುಚಿ ನೋಡದೆ ಮತ್ತೆ ಉಪ್ಪು ಹಾಕಬೇಡಿ.

ಅಂದಹಾಗೆ ಫ್ರಿಜ್‌ಗೆ ಇಡುವ ಮುಂಚೆ ಎಷ್ಟು ಹೊತ್ತು ಹೊರಗಿತ್ತು? ರಾತ್ರಿಯೆಲ್ಲ ಹೊರಗಿದ್ದರೆ ಮುಲಾಜಿಲ್ಲದೆ ಚೆಲ್ಲಿ.

ತಳಹಿಡಿದದ್ದು:
ಟ್ರೇಗೆ ಅಂಟಿದ್ದ ಕಂದು ಚೂರುಗಳನ್ನು ಏನು ಮಾಡಿದಿರಿ? ಉಜ್ಜಿ ತೊಳೆದಿದ್ದರೆ ಅರ್ಧ ರುಚಿ ಹೋಯಿತು. ಜಿಡ್ಡು ಬಗ್ಗಿಸಿದ ಮೇಲೆ ಟ್ರೇಯನ್ನು ಒಲೆ ಮೇಲಿಟ್ಟು ಅರ್ಧ ಲೋಟ ಬಿಸಿನೀರು ಸುರಿದು ಮರದ ಸೌಟಿನಲ್ಲಿ ಕೆರೆಯಿರಿ, ಎಲ್ಲ ಬಿಟ್ಟುಕೊಳ್ಳುತ್ತದೆ. ಕಂದು ಇದ್ದರೆ ಮಾತ್ರ, ಕಪ್ಪಾಗಿದ್ದರೆ ಕಹಿ. ಗಾಜಿನ ಟ್ರೇ ಆದರೆ ಒಲೆ ಮೇಲಿಡಬೇಡಿ, ಒಡೆಯುತ್ತದೆ. ನನ್ನದು ಒಡೆದಿದೆ.

ಅರ್ಧಚಮಚ:
ಇಷ್ಟೊಂದು ಕೊಬ್ಬು ಯಾಕ್ರೀ ಕೂಡಿಡೋದು? ಬಿಸಾಕಿ.

ಸೌಟು:
ದಿನಾ ಕುಡಿಯಿರಿ ಅಂತ ಯಾರೂ ಹೇಳಿಲ್ಲವಲ್ಲ. ಎಣ್ಣೆ ಬದಲು ಒಂದು ಚಮಚ ಹಾಕಿ ಆಲೂಗಡ್ಡೆ ಹುರಿದು ನೋಡಿ, ಆಮೇಲೆ ಮಾತಾಡೋಣ. ಆದರೆ ಸೋಸಿ ಇಡಿ. ರಸ, ಚೂರು ಉಳಿದರೆ ಬೇಗ ಕೆಡುತ್ತದೆ, ಬಾಣಲೆಗೆ ಹಾಕಿದಾಗ ಸಿಡಿಯುತ್ತದೆ ಕೂಡ. ಬಿಸಾಕುವುದಾದರೂ ಸಿಂಕ್‌ಗೆ ಬೇಡ, ಪೈಪ್‌ನಲ್ಲಿ ಹೆಪ್ಪುಗಟ್ಟುತ್ತದೆ. ಗಟ್ಟಿಯಾದ ಮೇಲೆ ಪೇಪರ್‌ನಲ್ಲಿ ಸುತ್ತಿ ಕಸಕ್ಕೆ ಹಾಕಿ.

ಒಲೆಮುಂದೆ:
ಊಟ ಮುಗಿಸಿದ ಅರ್ಧ ಗಂಟೆಗೇ ಫ್ರಿಜ್‌ಗಿಟ್ಟಿದ್ದೆ, ಬಚಾವ್. ಟ್ರೇ ಮಾತ್ರ ಉಜ್ಜಿ ತೊಳೆದುಬಿಟ್ಟೆ. ಹಿಂದಿನ ಸಲದ ಜಿಡ್ಡನ್ನು ಸಿಂಕ್‌ಗೇ ಸುರಿದಿದ್ದೆ, ಈಗ ಗೊತ್ತಾಯಿತು ನೀರು ಯಾಕೆ ನಿಂತುಕೊಳ್ಳುತ್ತಿದೆ ಅಂತ.