ಕಂಪನಿಯ ಅನುದಾನ, ವಿಶ್ವವಿದ್ಯಾಲಯದ ಪೇಟೆಂಟ್: ಸಹಿ ಹಾಕುವ ಮೊದಲು ಏನನ್ನು ನೋಡಬೇಕು?

ಪ್ರಶ್ನೆ: ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಅಡಿಕೆ ಸಿಪ್ಪೆಯ ನಾರಿನಿಂದ ನೀರು ಹೀರದ ಹಾಳೆಯನ್ನು ತಯಾರಿಸುವ ವಿಧಾನ ನನ್ನ ಪಿಎಚ್‌.ಡಿ. ವಿಷಯ. ಮೊದಲ ಎರಡು ವರ್ಷದ ಕೆಲಸ ಕೇಂದ್ರ ಸರ್ಕಾರದ ಯೋಜನೆಯ ಹಣದಿಂದ ನಡೆಯಿತು. ಈಗ ಪ್ಯಾಕಿಂಗ್ ಸಾಮಗ್ರಿ ತಯಾರಿಸುವ ಖಾಸಗಿ ಕಂಪನಿಯೊಂದು ಮುಂದಿನ ಎರಡು ವರ್ಷಕ್ಕೆ ಅನುದಾನ ಕೊಡಲು ಮುಂದೆ ಬಂದಿದೆ. ಅವರು ಕಳಿಸಿದ ಕರಾರಿನ ಕರಡಿನಲ್ಲಿ, ಈ ಕೆಲಸಕ್ಕೆ ಸಂಬಂಧಿಸಿದ ಎಲ್ಲ ಆವಿಷ್ಕಾರಗಳ ಹಕ್ಕನ್ನು ಸಂಶೋಧಕರು "ಈ ಮೂಲಕ ವರ್ಗಾಯಿಸುತ್ತಾರೆ" ಎಂದೂ, ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ಏನನ್ನೂ ಪ್ರಕಟಿಸುವಂತಿಲ್ಲ ಎಂದೂ ಇದೆ. ರಾಯಧನದ (ಆವಿಷ್ಕಾರವನ್ನು ಬಳಸುವುದಕ್ಕೆ ಕೊಡುವ ಪಾಲಿನ ಹಣದ) ಮಾತು ಎಲ್ಲಿಯೂ ಇಲ್ಲ. ಅನುದಾನ ತಪ್ಪಿದರೆ ನನ್ನ ಶಿಷ್ಯವೇತನ ನಿಂತೀತೆಂಬ ಚಿಂತೆಯಲ್ಲಿ ಗೈಡ್ ಸರ್ ಬೇಗ ಸಹಿ ಹಾಕಲು ಹೇಳುತ್ತಿದ್ದಾರೆ. ಮುಂದಿನ ತಿಂಗಳು ಸಮ್ಮೇಳನವೊಂದರಲ್ಲಿ ನಾನು ಪ್ರಬಂಧ ಮಂಡಿಸಬೇಕಿದೆ. ಪೇಟೆಂಟ್ ಯಾರದಾಗುತ್ತದೆ, ಹಣ ಬಂದರೆ ನನಗೂ ಪಾಲು ಉಂಟೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ಪೇಟೆಂಟ್ ಏಜೆಂಟ್, ಬೆಂಗಳೂರು

ನೀವು ಉಲ್ಲೇಖಿಸಿದ "ಈ ಮೂಲಕ ವರ್ಗಾಯಿಸುತ್ತಾರೆ" ಎಂಬ ಮಾತೇ ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಒಂದು ಬೆಲೆಬಾಳುವ ಪೇಟೆಂಟಿನ ಏಕಸ್ವಾಮ್ಯವನ್ನು ಕಳೆದುಕೊಂಡದ್ದು ಇಂಥದೇ ಮಾತಿನಿಂದ. 1988ರಲ್ಲಿ ಅಲ್ಲಿಗೆ ಸೇರಿದ ಮಾರ್ಕ್ ಹೊಲೊಡ್ನಿ ಎಂಬ ವೈದ್ಯ ಸಂಶೋಧಕರು ತಮ್ಮ ಆವಿಷ್ಕಾರಗಳ ಹಕ್ಕನ್ನು ವಿಶ್ವವಿದ್ಯಾಲಯಕ್ಕೆ "ವರ್ಗಾಯಿಸಲು ಒಪ್ಪುತ್ತೇನೆ" ಎಂದು ಬರೆದುಕೊಟ್ಟಿದ್ದರು. ಬಳಿಕ ಡಿಎನ್‌ಎ ತುಣುಕಿನ ಅಸಂಖ್ಯ ಪ್ರತಿಗಳನ್ನು ಮಾಡುವ ಪಿಸಿಆರ್ ವಿಧಾನವನ್ನು ಕಲಿಯಲು ಸೀಟಸ್ ಎಂಬ ಕಂಪನಿಗೆ ಹೋದಾಗ, ಅಲ್ಲಿ ಕೊಟ್ಟ ಗೋಪ್ಯತೆಯ ಕಾಗದಕ್ಕೆ ಸಹಿ ಹಾಕಿದರು; ಅದರಲ್ಲಿ "ವರ್ಗಾಯಿಸುತ್ತೇನೆ, ಈ ಮೂಲಕ ವರ್ಗಾಯಿಸಿದ್ದೇನೆ" ಎಂಬ ಅರ್ಥದ ಮಾತಿತ್ತು. ರಕ್ತದಲ್ಲಿನ ಎಚ್‌ಐವಿಯ ಪ್ರಮಾಣವನ್ನು ಅಳೆಯುವ ಅವರ ವಿಧಾನಕ್ಕೆ ಸ್ಟ್ಯಾನ್‌ಫರ್ಡ್ ಪೇಟೆಂಟ್ ಪಡೆಯಿತು. ಸೀಟಸ್‌ನ ಪಿಸಿಆರ್ ವ್ಯವಹಾರವನ್ನು ಕೊಂಡಿದ್ದ ರೋಶ್ ಕಂಪನಿ ಆ ಪೇಟೆಂಟಿನಲ್ಲಿ ತನಗೂ ಒಡೆತನವಿದೆ ಎಂದು ವಾದಿಸಿತು. ಮೊದಲನೆಯದು ಮುಂದೆ ಕೊಡುವ ಭರವಸೆ ಮಾತ್ರ, ಎರಡನೆಯದು ಆಗಲೇ ಕೊಟ್ಟಾಯಿತು ಎಂದು ಮೇಲ್ಮನವಿ ನ್ಯಾಯಾಲಯ ಹೇಳಿತು. ಸಂಶೋಧನೆಗೆ ಸರ್ಕಾರದ ಹಣವೂ ಇದ್ದುದರಿಂದ ಸರ್ಕಾರಿ ಹಣದಿಂದಾದ ಆವಿಷ್ಕಾರಗಳ ಹಕ್ಕನ್ನು ಕುರಿತ 1980ರ ಬೇ-ಡೋಲ್ ಕಾಯ್ದೆಯೇ ತನಗೆ ಹಕ್ಕು ಕೊಡುತ್ತದೆ ಎಂಬ ಸ್ಟ್ಯಾನ್‌ಫರ್ಡ್‌ನ ವಾದವನ್ನು 2011ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 7-2ರ ಬಹುಮತದಿಂದ ತಳ್ಳಿಹಾಕಿತು. ಹಕ್ಕು ಮೊದಲು ಹುಟ್ಟುವುದು ಆವಿಷ್ಕರಿಸಿದವರಲ್ಲಿಯೇ ಎಂಬುದು ಆ ತೀರ್ಪಿನ ತಿರುಳು.

ನಮ್ಮಲ್ಲಿ ಬೇ-ಡೋಲ್ ಮಾದರಿಯ ಮಸೂದೆ 2008ರಲ್ಲಿ ರಾಜ್ಯಸಭೆಗೆ ಬಂತಾದರೂ ಕಾಯ್ದೆಯಾಗಲಿಲ್ಲ. ಆದ್ದರಿಂದ ಕರಾರಿನ ಬರಹಕ್ಕೇ ಇಲ್ಲಿ ಹೆಚ್ಚಿನ ತೂಕ. 1970ರ ಪೇಟೆಂಟ್ ಕಾಯ್ದೆಯ 6ನೇ ಕಲಮಿನ ಪ್ರಕಾರ ಅರ್ಜಿ ಹಾಕಬಲ್ಲವರು ನಿಜವಾದ ಮೊದಲ ಆವಿಷ್ಕಾರಕರು ಅಥವಾ ಅವರಿಂದ ಹಕ್ಕನ್ನು ಪಡೆದವರು. ನೀವು ವಿದ್ಯಾರ್ಥಿನಿ, ನೌಕರರಲ್ಲ. ನಿಮ್ಮ ಸಹಿಗೆ ಬೆಲೆಯಿದೆ.

ಮೊದಲೇ ಪ್ರಕಟವಾದದ್ದಕ್ಕೆ ಸಾಮಾನ್ಯವಾಗಿ ಪೇಟೆಂಟ್ ಸಿಗುವುದಿಲ್ಲ; ಆದ್ದರಿಂದ ಸಮ್ಮೇಳನಕ್ಕೆ ಹೋಗುವ ಮುನ್ನವೇ ಪೇಟೆಂಟಿಗೆ ತಾತ್ಕಾಲಿಕ ಅರ್ಜಿಯನ್ನು ಸಲ್ಲಿಸಿಬಿಡಿ. ಪೂರ್ಣ ವಿವರಣೆಗೆ 12 ತಿಂಗಳ ಅವಧಿ ಸಿಗುತ್ತದೆ. ವಿದ್ವತ್ ಸಭೆಯಲ್ಲಿ ಓದಿದ ಪ್ರಬಂಧಕ್ಕೆ ನಮ್ಮ ಕಾಯ್ದೆಯಲ್ಲಿ ಒಂದು ವಿನಾಯಿತಿ ಇದೆಯಾದರೂ ಯುರೋಪಿನಲ್ಲಿ ಅದು ನಡೆಯುವುದಿಲ್ಲ. ನಿಮ್ಮ ಪಿಎಚ್‌.ಡಿ. ಮಹಾಪ್ರಬಂಧ ಶೋಧಗಂಗಾ ಎಂಬ ಪ್ರಬಂಧಗಳ ಆನ್‌ಲೈನ್ ಸಂಗ್ರಹದಲ್ಲಿ ಎಲ್ಲರಿಗೂ ಸಿಗುವಂತಾದರೆ ಅದೂ ಪ್ರಕಟಣೆಯೇ.

ಉತ್ತರ: ನಿವೃತ್ತ ಪ್ರಾಧ್ಯಾಪಕ, ಮೈಸೂರು

ಮೊದಲ ಎರಡು ವರ್ಷ ಸರ್ಕಾರದ ಹಣ ಬಳಕೆಯಾಗಿದೆ ಎಂಬುದನ್ನು ಮರೆಯಬೇಡಿ. ಅದು ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಸಚಿವಾಲಯದ ಅನುದಾನವಾಗಿದ್ದರೆ, 2000ದಲ್ಲಿ ಹೊರಟ ಸೂಚನೆಗಳ ಪ್ರಕಾರ ಹಕ್ಕು ಸಂಸ್ಥೆಯ ಬಳಿ ಉಳಿಯಬಹುದು, ಸರ್ಕಾರಕ್ಕೆ ತನ್ನ ಬಳಕೆಗೆ ರಾಯಧನವಿಲ್ಲದ ಪರವಾನಗಿ ಇರುತ್ತದೆ, ಆವಿಷ್ಕಾರಕರ ಪಾಲು ಗಳಿಕೆಯ ಮೂರನೇ ಒಂದು ಭಾಗವನ್ನು ಮೀರುವಂತಿಲ್ಲ. ಹಾಗಿರುವಾಗ ಆಗಲೇ ಆದ ಕೆಲಸವನ್ನೂ ಕಂಪನಿಗೆ ಒಟ್ಟಾಗಿ ಬರೆದುಕೊಡುವುದು ನಿಮ್ಮಿಂದಾಗಲೀ ನಿಮ್ಮ ಗೈಡ್‌ರಿಂದಾಗಲೀ ಆಗದ ಮಾತು. ಕರಾರಿಗೆ ಮುಂಚೆ ಏನೇನು ಸಿದ್ಧವಾಗಿತ್ತು ಎಂಬುದನ್ನು ದಿನಾಂಕ ಸಮೇತ ಪ್ರಯೋಗದ ನೋಟ್‌ಬುಕ್ಕಿನಿಂದ ತೆಗೆದು ಅನುಬಂಧವಾಗಿ ಸೇರಿಸಿ, ಅದು ವಿಶ್ವವಿದ್ಯಾಲಯದ್ದೇ ಎಂದು ಬರೆಸಿಕೊಳ್ಳಿ. ಕರಾರಿಗೆ ಕುಲಸಚಿವರು ಸಹಿ ಹಾಕಬೇಕೇ ಹೊರತು ವಿದ್ಯಾರ್ಥಿಯೊಬ್ಬಳ ಹೆಗಲಿಗೆ ಆ ಹೊಣೆ ಹೊರಿಸುವುದು ನ್ಯಾಯವಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ರಾಯಧನದ ವಿಷಯದಲ್ಲಿ ಪಾಲು ಎಷ್ಟು ಎಂಬುದಕ್ಕಿಂತ ಯಾವುದರ ಮೇಲೆ ಪಾಲು ಎಂಬುದನ್ನು ಕೇಳಿ. ಕಂಪನಿಯ ಮಾರಾಟದ ಮೇಲೆ ಲೆಕ್ಕ ಹಾಕಿದರೆ ತಪಾಸಣೆ ಸುಲಭ, ಲಾಭದ ಮೇಲೆ ಹಾಕಿದರೆ ಖರ್ಚು ತೋರಿಸಿ ಸೊನ್ನೆಗಿಳಿಸಬಹುದು.

ಉತ್ತರ: ಉದ್ಯಮದ ಸಂಶೋಧನಾ ವಿಭಾಗದಲ್ಲಿರುವವರು, ಹುಬ್ಬಳ್ಳಿ

ಕಂಪನಿಯ ಕಡೆಯಿಂದಲೂ ಒಂದು ಮಾತು. ಹಣ ಹಾಕಿದ ಮೇಲೆ ಆ ವಿಧಾನ ಎದುರಾಳಿಯ ಕೈಸೇರಬಾರದು ಎಂಬ ಅವರ ಭಯ ಸಹಜವಾದದ್ದು. ಆದರೆ ಅದಕ್ಕೆ ಒಡೆತನವೇ ಬೇಕಿಲ್ಲ. ಪ್ಯಾಕಿಂಗ್ ಕ್ಷೇತ್ರಕ್ಕೆ ಮಾತ್ರ ಸೀಮಿತವಾದ ಏಕಮಾತ್ರ ಪರವಾನಗಿಯನ್ನು ಮೊದಲು ತಮಗೇ ಕೊಡಬೇಕೆಂಬ ಷರತ್ತು, ಮತ್ತು ಪ್ರಬಂಧವನ್ನು ಅರವತ್ತು ದಿನ ಮುಂಚೆ ತಮಗೆ ತೋರಿಸಬೇಕೆಂಬ ಷರತ್ತು ಇದ್ದರೆ ನಮ್ಮಂಥವರಿಗೆ ಸಾಕು. ನಿಗದಿತ ಅವಧಿಯಲ್ಲಿ ಕಂಪನಿ ಉತ್ಪಾದನೆ ಶುರು ಮಾಡದಿದ್ದರೆ ಪರವಾನಗಿ ರದ್ದಾಗುವಂತೆ ಬರೆಸಿ. ಪೇಟೆಂಟು ಕೊಂಡು ಬೀರುವಿನಲ್ಲಿಟ್ಟವರನ್ನು ನಾನು ನೋಡಿದ್ದೇನೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಸಹಿ ಹಾಕಿಲ್ಲ. ನೋಟ್‌ಬುಕ್ಕಿನ ದಿನಾಂಕಗಳ ಪಟ್ಟಿ ಮಾಡಿ ಗೈಡ್ ಸರ್‌ಗೆ ತೋರಿಸಿದೆ. ಅವರೇ ಕರಡನ್ನು ಹಿಡಿದುಕೊಂಡು ನಾಳೆ ಕುಲಸಚಿವರ ಕಚೇರಿಗೆ ಹೋಗುತ್ತಿದ್ದಾರೆ. ತಾತ್ಕಾಲಿಕ ಅರ್ಜಿಯ ವಿವರಣೆಯನ್ನು ಇಂದು ರಾತ್ರಿಯಿಂದಲೇ ಬರೆಯಲು ಕೂರುತ್ತೇನೆ.