ಮುದಿ ಇಲಿಯ ರಕ್ತ ಕಾಂಡಕೋಶದಲ್ಲಿ ಮೈಟೊಕಾಂಡ್ರಿಯಾ ನಿಜಕ್ಕೂ ಕಮ್ಮಿಯಾ?

ಮಜ್ಜೆ_ಮಿತ್ರ: 24 ತಿಂಗಳ ಇಲಿಯ ಮೂಳೆಮಜ್ಜೆಯ ಕಾಂಡಕೋಶಗಳು (ಮೇಲ್ಮೈ ಗುರುತುಗಳಿಂದ ಆರಿಸಿದವು: ಎಲ್‌ಎಸ್‌ಕೆ, ಸಿಡಿ150 ಪಾಸಿಟಿವ್, ಸಿಡಿ48 ನೆಗೆಟಿವ್) ಮೈಟೊಟ್ರ್ಯಾಕರ್ ಗ್ರೀನ್‌ (ಮೈಟೊಕಾಂಡ್ರಿಯಾಗೆ ಅಂಟುವ ಹೊಳೆಯುವ ಬಣ್ಣ) ಹಾಕಿದಾಗ ಪ್ರೊಜೆನಿಟರ್‌ಗಳಿಗಿಂತ (ಕಾಂಡಕೋಶದಿಂದ ಹುಟ್ಟುವ ಮುಂದಿನ ಹಂತದ ಕೋಶಗಳಿಗಿಂತ) ಮಂಕಾಗಿ ಕಾಣುತ್ತವೆ. 'ಮೈಟೊಕಾಂಡ್ರಿಯಾ ಕಮ್ಮಿ' ಅಂತ ಬರೆಯಬಹುದಾ? ಟಿಎಂಆರ್‌ಎಂ (ಮೈಟೊಕಾಂಡ್ರಿಯಾ ಪೊರೆಯ ವಿದ್ಯುತ್ ವಿಭವ ತೋರಿಸುವ ಬಣ್ಣ) ಕೂಡ ಮಾಡಬೇಕು, ಎಷ್ಟು ಹಾಕಲಿ?

ಫ್ಲೋ_ಕಟ್ಟೆ: ಬರೆಯಬೇಡಿ. ಈ ಕೋಶಗಳ ಪೊರೆಯಲ್ಲಿ ಎಬಿಸಿ ಪಂಪ್‌ಗಳು ಜೋರಾಗಿರುತ್ತವೆ, ಒಳಗೆ ಹೋದ ಬಣ್ಣವನ್ನು ಹೊರಗೆ ತಳ್ಳುತ್ತವೆ. ನೀವು ಅಳೆದಿರುವುದು ಬಹುಪಾಲು ಪಂಪಿನ ಚುರುಕನ್ನೇ. ವೆರಪಮಿಲ್ ಹಾಕಿ ಪಂಪ್ ತಡೆದರೆ ಚಿತ್ರ ತಲೆಕೆಳಗಾಗುತ್ತದೆ, ಕಾಂಡಕೋಶಗಳೇ ಹೆಚ್ಚು ಹೊಳೆಯುತ್ತವೆ. ಇದು 2017ರಲ್ಲೇ ಪ್ರಕಟವಾದ ವಿಷಯ.

ಟಿಎಂಆರ್‌ಎಂಗೆ: ಮೊದಲು ಐಸ್ ಮೇಲೆ ಕೋಶ ಗುರುತಿಸುವ ಆಂಟಿಬಾಡಿ, ಆಮೇಲೆ 37 ಡಿಗ್ರಿಯಲ್ಲಿ 30 ನಿಮಿಷ ಬಣ್ಣ. 20 ನ್ಯಾನೊಮೋಲಾರ್‌ನಿಂದ ಶುರುಮಾಡಿ, ಜೊತೆಗೆ 50 ಮೈಕ್ರೊಮೋಲಾರ್ ವೆರಪಮಿಲ್. ಬಣ್ಣ ಅತಿಯಾದರೆ ಮೈಟೊಕಾಂಡ್ರಿಯಾದೊಳಗೆ ಗುಂಪುಗೂಡಿ ತನ್ನ ಬೆಳಕನ್ನು ತಾನೇ ನುಂಗುತ್ತದೆ. ಆಗ ವಿಭವ ಕುಸಿದರೂ ಹೊಳಪು ಏರಿದಂತೆ ಕಾಣಬಹುದು. ಫ್ಲೋ ಯಂತ್ರಕ್ಕೆ (ಒಂದೊಂದೇ ಕೋಶದ ಹೊಳಪು ಅಳೆಯುವುದು) ಕೊಡುವ ಬಫರ್‌ನಲ್ಲೂ ಬಣ್ಣ, ವೆರಪಮಿಲ್ ಎರಡೂ ಇರಲಿ, ತೊಳೆದರೆ ಬಣ್ಣ ಸೋರುತ್ತಾ ಹೋಗುತ್ತದೆ. ಪಿಇ ಚಾನೆಲ್ (ಯಂತ್ರ ಕಿತ್ತಳೆ ಬೆಳಕು ಓದುವ ಜಾಗ) ಇದಕ್ಕೇ ಬಿಡಿ, ಅಲ್ಲಿ ಸಿಡಿ150 ಇಟ್ಟಿದ್ದರೆ ಆಂಟಿಬಾಡಿ-ಬಣ್ಣಗಳ ಜೋಡಣೆ ಬದಲಿಸಿ. ಕೋಶಗಳನ್ನು ರಾಸಾಯನಿಕದಿಂದ ಫಿಕ್ಸ್ ಮಾಡಬೇಡಿ, ವಿಭವ ಹೋಗಿಬಿಡುತ್ತದೆ.

ಕೋಶ_ಕುತೂಹಲ: ಪ್ರತಿ ವಯಸ್ಸಿನ ಗುಂಪಿಗೂ ಬೇರೆ ಎಫ್‌ಸಿಸಿಪಿ (ವಿಭವವನ್ನು ಅಳಿಸುವ ರಾಸಾಯನಿಕ) ಟ್ಯೂಬ್ ಇಡಿ. ಅದರ ಹೊಳಪನ್ನು ಕಳೆದ ಮೇಲೆ ಉಳಿಯುವುದಷ್ಟೇ ಲೆಕ್ಕ. ವೆರಪಮಿಲ್ ಬದಲು ಸೈಕ್ಲೋಸ್ಪೊರಿನ್ ಎ ಬೇಡ. ಅದು ಪಂಪ್ ತಡೆದರೂ ಮೈಟೊಕಾಂಡ್ರಿಯಾದ ರಂಧ್ರವನ್ನೂ ಮುಚ್ಚುತ್ತದೆ, ಅಂದರೆ ಅಳೆಯಬೇಕಾದ್ದನ್ನೇ ಬದಲಿಸುತ್ತದೆ.

ಪ್ರಮಾಣದ ಪ್ರಶ್ನೆಗೆ ಬಣ್ಣವನ್ನೇ ನೆಚ್ಚಬೇಡಿ. ವಿಂಗಡಿಸಿದ ಕೋಶಗಳಲ್ಲಿ ಮೈಟೊಕಾಂಡ್ರಿಯಾ ಡಿಎನ್‌ಎಯ ಒಂದು ಜೀನ್, ನ್ಯೂಕ್ಲಿಯಸ್‌ನ ಒಂದು ಜೀನ್ ಕ್ಯೂಪಿಸಿಆರ್ (ಡಿಎನ್‌ಎ ಪ್ರಮಾಣ ಅಳೆಯುವ ವಿಧಾನ) ಮಾಡಿ ಅನುಪಾತ ಕೊಡಿ.

ಮಜ್ಜೆ_ಮಿತ್ರ: ಧನ್ಯವಾದ. ಮುದಿ ಇಲಿಯಲ್ಲಿ ಹೊಳಪಿನ ಮೀಡಿಯನ್ (ಮಧ್ಯದ ಬೆಲೆ) ಕೊಟ್ಟರೆ ಸಾಕಾ?

ಫ್ಲೋ_ಕಟ್ಟೆ: ಸಾಲದು, ಹಿಸ್ಟೋಗ್ರಾಂ ಇಡೀ ತೋರಿಸಿ. ವಯಸ್ಸಾದಂತೆ ಕಾಂಡಕೋಶಗಳ ಸಂಖ್ಯೆ ಏರುತ್ತದೆ, ಆದರೆ ಕಡಿಮೆ ವಿಭವದವು ಹೆಚ್ಚು. ಹೆಚ್ಚು ವಿಭವ ಉಳಿಸಿಕೊಂಡವು ಹೊಸ ರಕ್ತಕೋಶ ಹುಟ್ಟಿಸುವುದರಲ್ಲಿ ಮುಂದು. 2021ರ ಕೆಲಸವೊಂದರಲ್ಲಿ ಮೈಟೊಕ್ವಿನಾಲ್ (ಮೈಟೊಕಾಂಡ್ರಿಯಾಗೆ ಹೋಗಿ ಸೇರುವ ಆಂಟಿಆಕ್ಸಿಡೆಂಟ್) ಕೊಟ್ಟು ಮುದಿ ಇಲಿಗಳಲ್ಲಿ ಆ ವಿಭವ ಏರಿಸಿದಾಗ ಕಸಿಯ ಫಲಿತಾಂಶ ಸುಧಾರಿಸಿತು. (ಇದನ್ನೋದಿ ಆನ್‌ಲೈನ್‌ನಲ್ಲಿ ಮಾತ್ರೆ ತರಿಸುವವರಿಗೆ: ಅದು ಇಲಿ.) ಗೇಟ್ (ಯಾವ ಕೋಶ ಲೆಕ್ಕಕ್ಕೆ ಅನ್ನುವ ಗಡಿ) ಎಳೆಯುವಾಗ ಎಳೆಯ ಇಲಿಯ ಗೇಟನ್ನೇ ಮುದಿಯದಕ್ಕೂ ಹಾಕಿ, ಎರಡನ್ನೂ ಒಂದೇ ದಿನ, ಒಂದೇ ಬಣ್ಣದ ಸ್ಟಾಕ್‌ನಿಂದ ಓಡಿಸಿ.