ಪೇಪರ್ ಗೋಪುರ ನಡುವಿನಲ್ಲೇ ಮಡಚಿಕೊಳ್ಳುತ್ತದೆ, ಏನು ಮಾಡಬೇಕು?

ಪ್ರಶ್ನೆ:
ಎಂಟರಿಂದ ಹನ್ನೊಂದು ವರ್ಷದ 12 ಮಕ್ಕಳಿಗೆ ಮನೆಯಲ್ಲಿರುವ ಸಾಮಾನಿನಿಂದಲೇ ಗೋಪುರ ಕಟ್ಟಿಸಬೇಕು. ಸಮಯ ಒಂದೂವರೆ ಗಂಟೆ. ಹಳೇ ನ್ಯೂಸ್‌ಪೇಪರ್, ಟೇಪು, ದಾರ, ಸ್ವಲ್ಪ ಸ್ಟ್ರಾ ಇವೆ. ತುದಿಯಲ್ಲಿ ಟೆನಿಸ್ ಚೆಂಡು ನಿಲ್ಲಬೇಕು ಅನ್ನುವುದು ಷರತ್ತು. ಮೊದಲೇ ಕಟ್ಟಿ ನೋಡಿದರೆ, ಚೆಂಡಿಟ್ಟ ಕೂಡಲೇ ಕಾಲುಗಳು ನಡುವಿನಲ್ಲಿ ಮಡಚಿಕೊಳ್ಳುತ್ತವೆ, ಇಲ್ಲವೇ ಇಡೀ ಗೋಪುರ ತಿರುಚಿಕೊಂಡು ಬೀಳುತ್ತದೆ. ಟೇಪು ಅರ್ಧದಲ್ಲೇ ಖಾಲಿ. ಎಷ್ಟು ಸಾಮಾನು ಕೊಡಬೇಕು? ಮಕ್ಕಳಿಗೆ ಎಷ್ಟು ಹೇಳಿಕೊಡಬೇಕು?

ಉತ್ತರ:
ಮೊದಲು ಸುರುಳಿ ಸರಿ ಮಾಡಿಕೊಳ್ಳಿ. ಮಡಚಿಕೊಳ್ಳುವ ಗೋಪುರಗಳಲ್ಲಿ ಹೆಚ್ಚಿನವುಗಳ ತಪ್ಪು ಅಲ್ಲೇ ಇರುತ್ತದೆ. ಹಾಳೆಯನ್ನು ಪೂರ್ತಿ ಬಿಡಿಸಿ, ಒಂದು ಮೂಲೆಯಲ್ಲಿ ಪೆನ್ಸಿಲ್ ಇಟ್ಟು ಎದುರು ಮೂಲೆಯವರೆಗೆ ಬಿಗಿಯಾಗಿ ಸುತ್ತಬೇಕು. ಪೆನ್ಸಿಲ್ ದಪ್ಪದ ಕೊಳವೆ ಬರಬೇಕು. ಬೆರಳು ತೂರುವಷ್ಟು ಸಡಿಲವಾಗಿದ್ದರೆ ಬಿಚ್ಚಿ ಮತ್ತೆ ಸುತ್ತಿಸಿ. ಮೂಲೆಯಿಂದ ಸುತ್ತಿದಾಗ ನಡುಭಾಗ ದಪ್ಪವಾಗುತ್ತದೆ, ಎರಡೂ ತುದಿ ಒಂದೆರಡು ಪದರ ಮಾತ್ರ ಉಳಿದು ಮೆತ್ತಗಿರುತ್ತವೆ. ಆ ಮೆತ್ತಗಿನ ತುದಿಯನ್ನು ಐದೈದು ಸೆಂಟಿಮೀಟರ್ ಕತ್ತರಿಸಿ ಹಾಕಿ. ಹಾಗೇ ಬಿಟ್ಟು ಅಲ್ಲಿ ಟೇಪು ಸುತ್ತಿದರೆ ಜೋಡಣೆ ಕೀಲಿನಂತೆ ಆಡುತ್ತದೆ.

ನೇರವಾಗಿ ಸುತ್ತುವುದಾದರೆ ಕಾಗದದ ನಾರಿನ ದಿಕ್ಕು ನೋಡಿ. ಯಾವ ದಿಕ್ಕಿನಲ್ಲಿ ಹರಿದರೆ ಸೀಳು ನೇರವಾಗಿ ಸಾಗುತ್ತದೋ ನಾರು ಅದೇ ದಿಕ್ಕಿಗಿದೆ. ಕೊಳವೆಯ ಉದ್ದ ಆ ದಿಕ್ಕಿಗೇ ಬರಬೇಕು. ಸುತ್ತುವುದೂ ಸುಲಭ, ಕೊಳವೆಯೂ ಗಟ್ಟಿ.

ಇನ್ನೊಂದು ಮಾತು: ಒಮ್ಮೆ ಮಡಿಕೆ ಬಿದ್ದ ಕೊಳವೆಯನ್ನು ಕಾಲಿಗೆ ಬಳಸಬೇಡಿ. ಟೇಪು ಸುತ್ತಿ ನೆಟ್ಟಗೆ ಮಾಡಿದರೂ ಭಾರ ಬಿದ್ದಾಗ ಅಲ್ಲೇ ಮುರಿಯುತ್ತದೆ. ಅಂಥದ್ದನ್ನು ಕತ್ತರಿಸಿ ಅಡ್ಡಪಟ್ಟಿಗೆ ಇಟ್ಟುಕೊಳ್ಳಿ.

ಉತ್ತರ:
ಸುರುಳಿಯ ವಿಷಯ ಒಪ್ಪುತ್ತೇನೆ. ಆದರೆ ಕಾಲು ಉದ್ದವಾಗಿದ್ದರೆ ಎಷ್ಟು ಬಿಗಿಯಾಗಿ ಸುತ್ತಿದರೂ ಬಾಗುತ್ತದೆ. ಟೆನಿಸ್ ಚೆಂಡಿನ ತೂಕ 56ರಿಂದ 59 ಗ್ರಾಂ ಅಷ್ಟೇ. ಕಾಗದವನ್ನು ಜಜ್ಜುವಷ್ಟು ಭಾರವೇ ಅಲ್ಲ ಅದು. ಕಾಗದ ಜಜ್ಜಿಹೋಗುವ ಎಷ್ಟೋ ಮೊದಲೇ ಕಾಲು ಪಕ್ಕಕ್ಕೆ ಬಾಗಿ ಸೋಲುತ್ತದೆ. ಗಣಿತಜ್ಞ ಲಿಯೊನಾರ್ಡ್ ಆಯ್ಲರ್ 18ನೇ ಶತಮಾನದಲ್ಲೇ ಇದರ ಲೆಕ್ಕ ಕೊಟ್ಟಿದ್ದಾರೆ: ಅದೇ ಕಂಬದ ಉದ್ದವನ್ನು ಅರ್ಧ ಮಾಡಿದರೆ ಬಾಗದೆ ತಡೆಯುವ ಭಾರ ನಾಲ್ಕು ಪಟ್ಟಾಗುತ್ತದೆ. ಹಾಗೆಂದು ಕಾಲನ್ನೇ ಕತ್ತರಿಸಬೇಕಿಲ್ಲ. 80 ಸೆಂಟಿಮೀಟರ್ ಕಾಲಿಗೆ 40ರಲ್ಲಿ ಅಡ್ಡಪಟ್ಟಿ ಕಟ್ಟಿ ಎರಡು ಅಂತಸ್ತು ಮಾಡಿ, ಪ್ರತಿ ಮುಖಕ್ಕೂ ಕರ್ಣ ಕೊಟ್ಟರೆ ಪ್ರತಿ ತುಂಡೂ 40ರ ಕಾಲಿನಂತೆ ಕೆಲಸ ಮಾಡುತ್ತದೆ.

ತಿರುಚುವುದಕ್ಕೆ ಕಾರಣ ಆ ಕರ್ಣಗಳು ಇಲ್ಲದಿರುವುದು. ನಾಲ್ಕು ಸ್ಟ್ರಾ ಸೇರಿಸಿ ಚೌಕ ಮಾಡಿ ಮಕ್ಕಳ ಕೈಗೆ ಕೊಡಿ, ಒತ್ತಿದರೆ ವಾಲಿ ಚಪ್ಪಟೆಯಾಗುತ್ತದೆ. ಮೂರರ ತ್ರಿಕೋನ ಅಲುಗುವುದಿಲ್ಲ. ಇದನ್ನು ಬಾಯಲ್ಲಿ ಹೇಳಬೇಡಿ, ಒತ್ತಿ ನೋಡಲಿ. ಒಂದು ಮುಖಕ್ಕೆ ಕರ್ಣ ಬಿಟ್ಟರೂ ಗೋಪುರ ಆ ಕಡೆಯಿಂದ ತಿರುಚಿಕೊಳ್ಳುತ್ತದೆ.

ಕರ್ಣಕ್ಕೆ ದಾರ ಸಾಕು. ಆದರೆ ದಾರ ಎಳೆತವನ್ನು ಮಾತ್ರ ತಡೆಯುತ್ತದೆ, ಒತ್ತಿದರೆ ಜೋತುಬೀಳುತ್ತದೆ. ಆದ್ದರಿಂದ ಪ್ರತಿ ಮುಖದಲ್ಲೂ ಗುಣಾಕಾರದ ಚಿಹ್ನೆಯಂತೆ ಎರಡು ದಾರ ಕಟ್ಟಬೇಕು, ಎರಡೂ ಬಿಗಿಯಾಗಿರಬೇಕು. ಕೊಳವೆಯನ್ನೇ ಕರ್ಣವಾಗಿ ಬಳಸಿದರೆ ಮುಖಕ್ಕೊಂದು ಸಾಕು.

ಉತ್ತರ:
ಸ್ಟ್ರಾ ಬಳಸುವವರಿಗೆ ಇಲ್ಲೊಂದು ತೊಡಕು ಕಾದಿರುತ್ತದೆ. 20 ಸೆಂಟಿಮೀಟರ್ ಸ್ಟ್ರಾದಿಂದ ಚೌಕ ಮಾಡಿದರೆ ಅದರ ಕರ್ಣ 28 ದಾಟುತ್ತದೆ, ಅದೇ ಸ್ಟ್ರಾ ಅಲ್ಲಿಗೆ ಸಾಲುವುದಿಲ್ಲ. ಬದಿಗಳನ್ನು 14 ಸೆಂಟಿಮೀಟರಿಗೆ ಕತ್ತರಿಸಿಕೊಂಡರೆ ಪೂರ್ತಿ ಸ್ಟ್ರಾ ಕರ್ಣಕ್ಕೆ ಸರಿಯಾಗಿ ಕೂರುತ್ತದೆ. ಈ ಅಳತೆಯನ್ನು ಮಾತ್ರ ಮೊದಲೇ ಹೇಳಿಕೊಡಬೇಡಿ. ಸ್ಟ್ರಾ ಸಾಲದೆ ಬಂದಾಗ ಅವರೇ ಅಳೆದು ನೋಡುವುದೇ ಈ ಆಟದ ಒಳ್ಳೆಯ ಗಳಿಗೆ.

ಪ್ಲಾಸ್ಟಿಕ್ ಸ್ಟ್ರಾ ಉದ್ದ ಮಾಡಲು ಒಂದರ ತುದಿಯನ್ನು 2 ಸೆಂಟಿಮೀಟರ್ ಸೀಳಿ, ಕಿರಿದು ಮಾಡಿ ಇನ್ನೊಂದರೊಳಗೆ ತೂರಿಸಿ. ಪೇಪರ್ ಸ್ಟ್ರಾ ಸೀಳಿದರೆ ಬಿಚ್ಚಿಕೊಳ್ಳುತ್ತದೆ. ಅದಕ್ಕೆ ಹೊರಗಿನಿಂದ ತುಂಡು ಕಟ್ಟಿಯೇ ಸೇರಿಸಬೇಕು.

ಉತ್ತರ:
ಸಾಮಾನಿನ ಲೆಕ್ಕ. ಮೂರು ಮಕ್ಕಳ ನಾಲ್ಕು ಗುಂಪು ಮಾಡಿ. ಗುಂಪು ದೊಡ್ಡದಾದರೆ ಒಬ್ಬರಾದರೂ ಸುಮ್ಮನೆ ಕೂರುತ್ತಾರೆ. ತ್ರಿಕೋನದ ಬುಡ, ಬದಿ 30 ಸೆಂಟಿಮೀಟರ್, 40ರ ಎರಡು ಅಂತಸ್ತು ಅಂದುಕೊಳ್ಳಿ. ಕಾಲಿನ ತುಂಡು ಆರು, ಬುಡ, ನಡು, ತುದಿಗೆ ಸೇರಿ ಅಡ್ಡಪಟ್ಟಿ ಒಂಬತ್ತು. ಅಡ್ಡಪಟ್ಟಿ ಒಂದು ಕೊಳವೆಯಲ್ಲಿ ಎರಡು ಬರುತ್ತವೆ, ಹಾಗಾಗಿ ಗುಂಪಿಗೆ 12 ಹಾಳೆ ಕೊಟ್ಟರೆ ಒಂದು ಹೆಚ್ಚಿಗೆ ಉಳಿಯುತ್ತದೆ. 30, 40 ಬದಿಗೆ ಕರ್ಣ ಸರಿಯಾಗಿ 50. ಆರು ಮುಖಕ್ಕೆ ಎರಡೆರಡು ಅಂದರೆ ದಾರ 6 ಮೀಟರ್, ಗಂಟಿಗೆ ಇನ್ನೊಂದು ಮೀಟರ್.

ಟೇಪು ಖಾಲಿಯಾಗುವುದು ಸುರುಳಿ ಅಂಟಿಸುವುದರಲ್ಲೇ. ಕೊಳವೆಗೆ ಮೂರು ಕಡೆ 4 ಸೆಂಟಿಮೀಟರ್ ಅಂದರೂ 12 ಕೊಳವೆಗೆ ಒಂದೂವರೆ ಮೀಟರ್ ಹೋಗುತ್ತದೆ. ಇದನ್ನು ಬೇರೆ ಕೊಡಿ. ಜೋಡಣೆಗೆಂದು ಎರಡೂವರೆ ಮೀಟರ್ ಎಣಿಸಿ ಕೊಡಿ. ಮಾಸ್ಕಿಂಗ್ ಟೇಪೇ ಇರಲಿ, ಮಕ್ಕಳು ಕೈಯಲ್ಲೇ ಹರಿಯಬಹುದು, ತಪ್ಪಿದರೆ ಕಿತ್ತು ಮತ್ತೆ ಅಂಟಿಸಬಹುದು. ಒಂದೇ ಜಾಗಕ್ಕೆ ಹತ್ತು ಸುತ್ತು ಸುತ್ತುವುದರಿಂದ ತೂಕ ಮಾತ್ರ ಹೆಚ್ಚುತ್ತದೆ. ಎರಡು ಕೊಳವೆಗಳನ್ನೂ ಹಿಡಿಯುವಂತೆ ಪಟ್ಟಿಯನ್ನು ಉದ್ದಕ್ಕೆ ಅಂಟಿಸಿ, ಮೇಲೊಂದು ಸುತ್ತು ಹಾಕಿದರೆ ಬಿಗಿಯಾಗುತ್ತದೆ.

ಉತ್ತರ:
ಬುಡಕ್ಕೆ ತ್ರಿಕೋನವೇ ಅನ್ನುವುದಕ್ಕೆ ನನ್ನ ತಕರಾರಿದೆ. ಮೂರು ಕಾಲು ಎಂಥ ಏರುಪೇರಿನ ನೆಲದಲ್ಲೂ ಕುಂಟದೆ ನಿಲ್ಲುತ್ತದೆ, ಅದು ನಿಜ. ಆದರೆ ಬದಿ 30 ಇದ್ದಾಗ ತ್ರಿಕೋನದ ಮಧ್ಯದಿಂದ ಅಂಚಿಗೆ 8.7 ಸೆಂಟಿಮೀಟರ್ ಮಾತ್ರ, ಚೌಕದಲ್ಲಿ 15. ಚೆಂಡು ಸೇರಿ ಗುರುತ್ವ ಕೇಂದ್ರ 50 ಸೆಂಟಿಮೀಟರ್ ಎತ್ತರದಲ್ಲಿದೆ ಅಂದುಕೊಂಡರೆ ತ್ರಿಕೋನ ಸುಮಾರು 10 ಡಿಗ್ರಿ ವಾಲಿದೊಡನೆ ಉರುಳುತ್ತದೆ, ಚೌಕ 17 ಡಿಗ್ರಿ ಸಮೀಪದವರೆಗೂ ತಡೆಯುತ್ತದೆ. ತ್ರಿಕೋನವೇ ಬೇಕಿದ್ದರೆ ಬುಡದ ಬದಿ 45ಕ್ಕೆ ಏರಿಸಿ, ತುದಿಗೆ ಹೋಗುತ್ತಾ ಕಿರಿದು ಮಾಡಿ. ಕಿರಿದಾಗುವಾಗ 30-40-50ರ ಲೆಕ್ಕ ಹೊಂದುವುದಿಲ್ಲ, ದಾರವನ್ನು ಅಲ್ಲೇ ಅಳೆದು ಕತ್ತರಿಸಬೇಕು.

ಐಫೆಲ್ ಗೋಪುರದ ಚಿತ್ರ ತೋರಿಸಿ: ಈಗಿನ ಎತ್ತರ 330 ಮೀಟರ್, ಬುಡ ಪ್ರತಿ ಬದಿಗೆ ಸುಮಾರು 125 ಮೀಟರ್, ಮೈತುಂಬ ತ್ರಿಕೋನ. ಎಷ್ಟು ಎತ್ತರಕ್ಕೆ ಎಷ್ಟು ಬುಡ ಅನ್ನುವುದು ಮಕ್ಕಳಿಗೆ ತಾನೇ ಹೊಳೆಯುತ್ತದೆ.

ಚೆಂಡಿಗೆ ಕಾಗದದ ಪಟ್ಟಿಯಿಂದ 4–5 ಸೆಂಟಿಮೀಟರ್ ಅಗಲದ ಬಳೆ ಮಾಡಿ ಕೂರಿಸಿ. ಬಳೆ ಕಾಲುಗಳ ನಟ್ಟನಡುವೆ ಇರಬೇಕು. ಪಕ್ಕಕ್ಕೆ ಸರಿದರೆ ಭಾರ ಒಂದೇ ಕಾಲಿಗೆ ಬಿದ್ದು ಅದು ಮೊದಲು ಬಾಗುತ್ತದೆ. ಎಂಟು ವರ್ಷದವರಿಗೆ ಟೇಬಲ್ ಟೆನಿಸ್ ಚೆಂಡು ಕೊಟ್ಟರೂ ಸರಿ, ಅದು 2.7 ಗ್ರಾಂ.

ಪ್ರಶ್ನೆ ಕೇಳಿದವರು:
ತುಂಬ ಉಪಕಾರವಾಯಿತು. ಸಮಯ ಹೇಗೆ ಹಂಚಲಿ? ಕೊನೇ ನಿಮಿಷದಲ್ಲಿ ಬಿದ್ದರೆ ಮಕ್ಕಳು ಅಳುವ ಹಾಗಾಗುತ್ತಾರೆ, ಆ ಚಿಂತೆಯೂ ಇದೆ.

ಉತ್ತರ:
ಅದಕ್ಕೇ ಎರಡು ಸಲ ಕಟ್ಟಿಸಬೇಕು. ನಿಯಮ ಹೇಳಲು 10 ನಿಮಿಷ, ಕೊಳವೆ ಸುತ್ತಲು 15, ಚಿತ್ರ ಬರೆಯಲು 5, ಮೊದಲ ಕಟ್ಟಡ 20, ಪರೀಕ್ಷೆ 10, ಅದನ್ನೇ ತಿದ್ದಿ ಮತ್ತೆ ಕಟ್ಟಲು 20, ಕೊನೇ ಅಳತೆ 10. ಪೀಟರ್ ಸ್ಕಿಲ್‌ಮನ್ ರೂಪಿಸಿದ ಹೆಸರಾಂತ ಸವಾಲಿನಲ್ಲಿ ಒಣ ಶಾವಿಗೆಯಂಥ 20 ಸ್ಪಗೆಟ್ಟಿ ಕಡ್ಡಿಗಳಿಂದ 18 ನಿಮಿಷದಲ್ಲಿ ಗೋಪುರ ಕಟ್ಟಿ ತುದಿಗೆ ಮಾರ್ಷ್‌ಮೆಲ್ಲೊ ಎಂಬ ಮೆತ್ತಗಿನ ಮಿಠಾಯಿ ಇಡಬೇಕು. ಅದನ್ನು ಕೊನೇ ಗಳಿಗೆಯಲ್ಲಿ ಇಟ್ಟವರದ್ದು ಕುಸಿಯುತ್ತದೆ, ಆಗಾಗ ಇಟ್ಟು ನೋಡುತ್ತಾ ಕಟ್ಟಿದ ಪುಟ್ಟ ಮಕ್ಕಳದ್ದು ನಿಲ್ಲುತ್ತದೆ. ನೀವೂ ಒಂದೊಂದು ಅಂತಸ್ತು ಮುಗಿದಾಗ ಚೆಂಡಿಟ್ಟು ನೋಡಲೇಬೇಕೆಂದು ನಿಯಮ ಮಾಡಿ.

ಪರೀಕ್ಷೆ ಹೀಗಿರಲಿ: ಕೈಬಿಟ್ಟ ಮೇಲೆ 10 ಸೆಕೆಂಡ್ ನಿಲ್ಲಬೇಕು, ನೆಲಕ್ಕೆ ಅಂಟಿಸುವಂತಿಲ್ಲ, ಎತ್ತರವನ್ನು ನೆಲದಿಂದ ಚೆಂಡಿನ ಬುಡದವರೆಗೆ ಅಳೆಯಬೇಕು. ಫ್ಯಾನ್ ಆರಿಸಿ. ಬೀಳುವುದನ್ನು ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೊ ಮಾಡಿ ಗುಂಪಿಗೇ ತೋರಿಸಿ, "ಮೊದಲು ಎಲ್ಲಿ ಅಲುಗಿತು?" ಅಂತ ಮಾತ್ರ ಕೇಳಿ. ಕಾಲು ಬಾಗಿತೋ, ಜೋಡಣೆ ಬಿಚ್ಚಿತೋ, ಬುಡ ಎದ್ದಿತೋ ಅವರೇ ಬೆರಳಿಟ್ಟು ತೋರಿಸುತ್ತಾರೆ. ಬಾಗಿದ್ದರೆ ನಡುವೆ ಅಡ್ಡಪಟ್ಟಿ, ಬಿಚ್ಚಿದ್ದರೆ ಟೇಪಿನ ದಿಕ್ಕು, ಬುಡ ಎದ್ದಿದ್ದರೆ ಅಗಲ. ಎರಡನೇ ಸಲ ಒಂದನ್ನೇ ಬದಲಿಸಲಿ, ಆಗ ಯಾವುದರಿಂದ ಗೋಪುರ ನಿಂತಿತು ಎಂದು ಗೊತ್ತಾಗುತ್ತದೆ. ಅಂಕವನ್ನು ಎತ್ತರಕ್ಕಲ್ಲ, ಮೊದಲ ಸಲಕ್ಕಿಂತ ಎಷ್ಟು ಏರಿತು ಅನ್ನುವುದಕ್ಕೆ ಕೊಡಿ. ಮೊದಲ ಸಲ ಬಿದ್ದ ಗುಂಪಿಗೆ ಎರಡನೇ ಸುತ್ತಿಗೆಂದು ಎರಡು ಹೊಸ ಹಾಳೆ, ಅರ್ಧ ಮೀಟರ್ ಟೇಪು ತೆಗೆದಿಟ್ಟಿರಿ.